ಬಿಡಿ ಮತ್ತು ಇಡಿ

ಬಿಡಿಭಾಗಗಳನ್ನು ಒಂದೊಂದಾಗಿ ಕೊಂಡು ಮನೆಯಲ್ಲಿ ಜೋಡಿಸಿದ ಕಂಪ್ಯೂಟರು ಒಂದೇ ವಸ್ತುವೋ, ಹಲವು ವಸ್ತುಗಳ ಕೂಟವೋ? ಅಂಗಡಿಯ ಬಿಲ್ಲು ನೋಡಿದರೆ ಅದು ಕೂಟವೇ. ಪ್ರೊಸೆಸರು, ಮದರ್‌ಬೋರ್ಡು, ರ‍್ಯಾಮು, ಎಸ್‌ಎಸ್‌ಡಿ, ಎಸ್‌ಎಂಪಿಎಸ್, ಕ್ಯಾಬಿನೆಟ್ಟು, ಮಾನಿಟರು, ಕೀಬೋರ್ಡು, ಮೌಸು ಎಂದು ಬಿಲ್ಲಿನಲ್ಲಿ ಒಂಬತ್ತು ಸಾಲುಗಳಿರುತ್ತವೆ, ಒಂಬತ್ತು ಬೆಲೆಗಳಿರುತ್ತವೆ. ಕಂಪ್ಯೂಟರು ಎಂಬ ಸಾಲು ಎಲ್ಲಿಯೂ ಇರುವುದಿಲ್ಲ. ಕೊಂಡವನು ಮಾತ್ರ ಮನೆಗೆ ಬಂದು ಕಂಪ್ಯೂಟರು ತಂದೆ ಎನ್ನುತ್ತಾನೆ. ಬಿಲ್ಲಿನಲ್ಲಿ ಇಲ್ಲದ ಆ ಹತ್ತನೆಯ ವಸ್ತು ಎಲ್ಲಿಂದ ಬಂತು ಎಂಬುದು ಭಾರತೀಯ ದರ್ಶನಗಳು ಎರಡು ಸಾವಿರ ವರ್ಷಗಳಿಂದ ಚರ್ಚಿಸುತ್ತ ಬಂದಿರುವ ಪ್ರಶ್ನೆ. ಅವಯವ ಎಂದರೆ ಬಿಡಿ, ಅವಯವಿ ಎಂದರೆ ಇಡಿ. ಇವೆರಡರ ಸಂಬಂಧವೇನು ಎಂಬುದೇ ಆ ಚರ್ಚೆಯ ತಿರುಳು.

ಆಂಧ್ರದ ಗಡಿಯಲ್ಲಿರುವ ರಾಯದುರ್ಗ ಮತ್ತು ಮಡಕಶಿರಾ ಸೀಮೆ ಈ ಚರ್ಚೆಗೆ ಹೊರಗಿನದಲ್ಲ. ರಾಯದುರ್ಗದ ಮಗ್ಗುಲಲ್ಲೇ ಇರುವ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅಶೋಕನ ಶಾಸನಗಳಿವೆ, 1892ರಲ್ಲಿ ಬಿ. ಎಲ್. ರೈಸ್ ಅವನ್ನು ಬೆಳಕಿಗೆ ತಂದರು. ಬೌದ್ಧ ಉಪಾಸಕನಾಗಿದ್ದ ಅರಸನ ಮಾತು ಈ ಬಂಡೆಗಳ ಮೇಲೆ ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲೇ ಮೂಡಿತ್ತು. ರಾಯದುರ್ಗವಿರುವ ಅನಂತಪುರ ಜಿಲ್ಲೆಯಲ್ಲೇ ಗುಂತಕಲ್ಲಿಗೆ ಹತ್ತಿರವಿರುವ ಕೊನಕೊಂಡ್ಲವನ್ನು ಜೈನಾಚಾರ್ಯ ಕುಂದಕುಂದರ ಊರೆಂದು ಪಿ. ಬಿ. ದೇಸಾಯಿಯವರಂಥ ವಿದ್ವಾಂಸರು ಗುರುತಿಸಿದ್ದಾರೆ. ಮಡಕಶಿರಾ ಸೀಮೆಯ ಹೇಮಾವತಿ ಒಂದು ಕಾಲಕ್ಕೆ ಹೆಂಜೇರು ಎಂಬ ಹೆಸರಿನಲ್ಲಿ ನೊಳಂಬರ ರಾಜಧಾನಿಯಾಗಿತ್ತು. ಅಲ್ಲಿ ಶಿವನು ಲಿಂಗರೂಪದಲ್ಲಲ್ಲದೆ ಮನುಷ್ಯರೂಪದ ಸಿದ್ಧೇಶ್ವರನಾಗಿ ಕುಳಿತಿದ್ದಾನೆ. ಕನ್ನಡವನ್ನು ಮನೆಮಾತಾಗಿ ಉಳಿಸಿಕೊಂಡಿರುವ ಈ ಹಳ್ಳಿಗಳ ಹುಡುಗರು ಬಳ್ಳಾರಿ, ಹಿಂದೂಪುರ ಇಲ್ಲವೇ ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಬಿಡಿಭಾಗ ತಂದು ಕಂಪ್ಯೂಟರು ಜೋಡಿಸುವಾಗ, ತಮ್ಮ ನೆಲದಲ್ಲೇ ಬೇರುಬಿಟ್ಟ ಪ್ರಶ್ನೆಯನ್ನು ಕೈಯಾರೆ ಮುಟ್ಟುತ್ತಿರುತ್ತಾರೆ.

ಮೊದಲು ಬಿಡಿಗಳ ವಿಚಾರ. ಕಡಿಮೆ ಖರ್ಚಿನಲ್ಲಿ ಮೊದಲ ಕಂಪ್ಯೂಟರು ಜೋಡಿಸುವವರಿಗೆ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡು ಬೇಡ; ಚಿತ್ರ ತೋರಿಸುವ ಶಕ್ತಿ ಒಳಗೇ ಇರುವ ಪ್ರೊಸೆಸರು ಸಾಕು. 2021ರಲ್ಲಿ ಬಂದ ಎಎಂಡಿ ರೈಜನ್ 5 5600ಜಿ ಅಂಥದ್ದು: ಆರು ಕೋರು, ಹನ್ನೆರಡು ಥ್ರೆಡ್ಡು. ಇಂಟೆಲ್ ಕಡೆಯಲ್ಲಿ ನಾಲ್ಕು ಕೋರಿನ ಐ3-12100 ಇದೆ. ಅದೇ ಸಂಖ್ಯೆಯ ಕೊನೆಗೆ ‘ಎಫ್’ ಅಕ್ಷರವಿದ್ದರೆ ಅದರಲ್ಲಿ ಗ್ರಾಫಿಕ್ಸ್ ಇರುವುದಿಲ್ಲ. ಬೆಲೆ ಕಡಿಮೆಯೆಂದು ಅದನ್ನು ತಂದರೆ ಮಾನಿಟರು ಕತ್ತಲಾಗಿಯೇ ಇರುತ್ತದೆ. 16 ಜಿಬಿ ರ‍್ಯಾಮನ್ನು ಒಂದೇ ಪಟ್ಟಿಯಾಗಿ ಕೊಳ್ಳುವುದಕ್ಕಿಂತ 8 ಜಿಬಿಯ ಎರಡು ಪಟ್ಟಿಯಾಗಿ ಕೊಂಡರೆ ಪ್ರೊಸೆಸರಿನೊಳಗಿನ ಗ್ರಾಫಿಕ್ಸ್ ಗಮನಾರ್ಹವಾಗಿ ಚುರುಕಾಗುತ್ತದೆ, ಏಕೆಂದರೆ ಅದಕ್ಕೆ ಬೇರೆ ನೆನಪಿಲ್ಲ, ಇದೇ ರ‍್ಯಾಮನ್ನು ಹಂಚಿಕೊಳ್ಳುತ್ತದೆ. ಉಳಿತಾಯ ಮಾಡಬಾರದ ಭಾಗ ವಿದ್ಯುತ್ ಒದಗಿಸುವ ಎಸ್‌ಎಂಪಿಎಸ್. ಕ್ಯಾಬಿನೆಟ್ಟಿನ ಜೊತೆ ಬಿಟ್ಟಿಯಾಗಿ ಬರುವ ಹೆಸರಿಲ್ಲದ ಎಸ್‌ಎಂಪಿಎಸ್ ಕೆಡುವಾಗ ಬೋರ್ಡನ್ನೂ ಜೊತೆಗೆ ಕರೆದೊಯ್ಯಬಹುದು. ಇಲ್ಲಿ ಗಮನಿಸಬೇಕಾದದ್ದೇನೆಂದರೆ, ಯಾವ ಭಾಗದ ಒಳ್ಳೆಯತನವನ್ನೂ ಅದೊಂದನ್ನೇ ನೋಡಿ ಹೇಳಲಾಗದು. ಒಳ್ಳೆಯ ಪ್ರೊಸೆಸರು ತನ್ನದಲ್ಲದ ಸಾಕೆಟ್ಟಿನ ಮುಂದೆ ನಿರುಪಯುಕ್ತ.

ಮೇಜಿನ ಮೇಲೆ ಒಂಬತ್ತು ಪೆಟ್ಟಿಗೆಗಳು ಸಾಲಾಗಿ ಇದ್ದಾಗ ಬೌದ್ಧರ ಮಾತು ಸುಲಭವಾಗಿ ಒಪ್ಪಿಗೆಯಾಗುತ್ತದೆ. ಯವನ ದೊರೆ ಮಿಲಿಂದ ಮತ್ತು ಭಿಕ್ಷು ನಾಗಸೇನರ ಸಂವಾದವಾದ ಪಾಲಿ ಭಾಷೆಯ ‘ಮಿಲಿಂದಪಞ್ಹ’ದಲ್ಲಿ ದೊರೆ ರಥದಲ್ಲಿ ಬಂದೆನೆಂದಾಗ ಭಿಕ್ಷು ರಥವೆಂದರೆ ಯಾವುದೆಂದು ಕೇಳುತ್ತಾನೆ. ಈಸು ರಥವೇ, ಅಚ್ಚು ರಥವೇ, ಗಾಲಿ ರಥವೇ? ಪ್ರತಿಯೊಂದಕ್ಕೂ ದೊರೆ ಅಲ್ಲ ಎನ್ನಬೇಕಾಗುತ್ತದೆ. ಎಲ್ಲವನ್ನೂ ಬಿಟ್ಟು ಬೇರೆ ರಥವುಂಟೇ ಎಂದರೆ ಅದಕ್ಕೂ ಅಲ್ಲವೆಂದೇ ಉತ್ತರ. ಭಾಗಗಳನ್ನು ಆಶ್ರಯಿಸಿ ಲೋಕವ್ಯವಹಾರಕ್ಕಾಗಿ ಇಟ್ಟ ಹೆಸರಷ್ಟೇ ರಥ ಎಂಬಲ್ಲಿಗೆ ಸಂವಾದ ನಿಲ್ಲುತ್ತದೆ. ನಾಗಸೇನನ ನಿಜವಾದ ಗುರಿ ರಥವಲ್ಲ, ‘ನಾನು’ ಎಂಬ ತಿಳಿವಳಿಕೆ. ಏಳನೆಯ ಶತಮಾನದ ಚಂದ್ರಕೀರ್ತಿ ಇದನ್ನು ಇನ್ನಷ್ಟು ಬಿಗಿಗೊಳಿಸಿದ. ಭಾಗಗಳ ಗುಂಪೇ ರಥವೆಂದರೆ ಬಿಚ್ಚಿ ಹರಡಿದ ಗುಂಪೂ ರಥವಾಗಬೇಕಿತ್ತು. ಆಕಾರವೇ ರಥವೆಂದರೆ ಆ ಆಕಾರ ಭಾಗಗಳದ್ದೋ, ಗುಂಪಿನದ್ದೋ ಎಂದು ಹೇಳಬೇಕು. ಎರಡೂ ನಿಲ್ಲುವುದಿಲ್ಲ ಎಂಬುದು ಅವನ ವಾದ. ಜೋಡಿಸಿದ ಕಂಪ್ಯೂಟರಿಗೂ ಈ ಪರೀಕ್ಷೆ ಹಾಗೆಯೇ ಅನ್ವಯಿಸುತ್ತದೆ. ಕಂಪ್ಯೂಟರು ಎಂದೊಡನೆ ಜನ ಬೆರಳು ತೋರುವುದು ಕ್ಯಾಬಿನೆಟ್ಟಿನ ಕಡೆಗೆ. ಕ್ಯಾಬಿನೆಟ್ಟು ಬರೀ ತಗಡಿನ ಡಬ್ಬ.

ನ್ಯಾಯ ಮತ್ತು ವೈಶೇಷಿಕ ದರ್ಶನಗಳು ಇದನ್ನು ಒಪ್ಪಲಿಲ್ಲ. ಅವಯವಗಳಿಂದ ಹುಟ್ಟುವ ಅವಯವಿ ಅವುಗಳಿಗಿಂತ ಬೇರೆಯಾದ, ನಿಜವಾಗಿಯೇ ಇರುವ ವಸ್ತು ಎಂದು ಅವು ಸಾಧಿಸಿದವು. ಅವುಗಳ ನೆಚ್ಚಿನ ಉದಾಹರಣೆ ನೂಲು ಮತ್ತು ಬಟ್ಟೆ. ಮೊಳಕಾಲ್ಮೂರಿನ ರೇಷ್ಮೆ ಮಗ್ಗ, ರಾಯದುರ್ಗದ ಹೊಲಿಗೆ ಯಂತ್ರಗಳ ಸೀಮೆಗೆ ಇದು ವಿವರಣೆ ಬೇಡದ ಉದಾಹರಣೆ. ಬಟ್ಟೆಗೆ ನೂಲು ಸಮವಾಯಿ ಕಾರಣ, ನೂಲುಗಳ ಸಂಯೋಗ ಅಸಮವಾಯಿ ಕಾರಣ, ನೇಕಾರ ಮತ್ತು ಮಗ್ಗ ನಿಮಿತ್ತ ಕಾರಣ. ನೂಲು ನೂಲಿಗೆ ಇರುವ ಸಂಬಂಧ ಸಂಯೋಗ, ಅದು ಬಿಡಿಸಿದರೆ ಬಿಡುತ್ತದೆ. ಬಟ್ಟೆಗೂ ನೂಲಿಗೂ ಇರುವ ಸಂಬಂಧ ಸಮವಾಯ, ಬಟ್ಟೆ ಇರುವಷ್ಟು ಕಾಲ ಅದು ಬಿಡದು. ನ್ಯಾಯಸೂತ್ರದ ಎರಡನೆಯ ಅಧ್ಯಾಯ ಮತ್ತೊಂದು ಸರಳ ಕಾರಣ ಕೊಡುತ್ತದೆ: ಒಂದು ಭಾಗವನ್ನು ಹಿಡಿದು ಎಳೆದರೆ ಇಡಿಯೇ ಬರುತ್ತದೆ, ಬರೀ ರಾಶಿಯಾಗಿದ್ದರೆ ಹಿಡಿದ ಭಾಗ ಮಾತ್ರ ಕೈಗೆ ಬರಬೇಕಿತ್ತು.

ಈ ಎರಡು ಪಕ್ಷಗಳ ನಡುವಿನ ತೂಕ ಬದಲಾಗುವುದು ಮೊದಲ ಸಲ ಸ್ವಿಚ್ಚು ಒತ್ತಿದಾಗ. ಅದಕ್ಕೆ ಮುನ್ನ ಮಾಡಬೇಕಾದ ಕೆಲಸ ಹೆಚ್ಚಿಲ್ಲ, ಆದರೆ ಪ್ರತಿಯೊಂದರಲ್ಲೂ ನಿಗಾ ಬೇಕು. 5600ಜಿ ಕೂರುವ ಎಎಂ4 ಸಾಕೆಟ್ಟಿನಲ್ಲಿ 1331 ರಂಧ್ರಗಳಿವೆ, ಪ್ರೊಸೆಸರಿನ ಅಡಿಯಲ್ಲಿ ಅಷ್ಟೇ ಸೂಜಿಯಂಥ ಪಿನ್ನುಗಳಿವೆ. ಮೂಲೆಯ ತ್ರಿಕೋನದ ಗುರುತುಗಳನ್ನು ಹೊಂದಿಸಿ ಇಟ್ಟರೆ ಅದು ತನ್ನ ಭಾರಕ್ಕೆ ತಾನೇ ಇಳಿಯುತ್ತದೆ; ಒತ್ತಿದರೆ ಪಿನ್ನು ಬಾಗುತ್ತದೆ. ರ‍್ಯಾಮಿನ ವಿಚಾರ ಬೇರೆ, ಅದನ್ನು ಟಕ್ಕೆಂದು ಸದ್ದಾಗುವವರೆಗೆ ಒತ್ತಲೇಬೇಕು. ಫ್ಯಾನಿನಡಿಯ ಥರ್ಮಲ್ ಪೇಸ್ಟು, ಬೋರ್ಡು ತಗಡಿಗೆ ತಾಗದಂತೆ ಹಿಡಿದಿಡುವ ಹಿತ್ತಾಳೆಯ ಗೂಟಗಳು, 24 ಪಿನ್ನಿನ ದೊಡ್ಡ ಕೇಬಲ್ಲು, ಹೊಸಬರು ಮರೆಯುವ 8 ಪಿನ್ನಿನ ಪ್ರೊಸೆಸರ್ ಕೇಬಲ್ಲು, ಕೊನೆಗೆ ಪವರ್ ಬಟನ್ನಿನ ಎರಡು ಸಣ್ಣ ತಂತಿಗಳು. ಬಟನ್ನು ಒತ್ತಿದ ಕೂಡಲೇ ಬೋರ್ಡಿನ ಚಿಪ್ಪಿನಲ್ಲಿರುವ ಬಯಾಸ್ ಎದ್ದು, ಪ್ರೊಸೆಸರು ಇದೆಯೇ, ರ‍್ಯಾಮು ಇದೆಯೇ, ಚಿತ್ರ ಹೊರಡುವ ದಾರಿ ಇದೆಯೇ ಎಂದು ಒಂದಾದ ಮೇಲೊಂದು ಪರೀಕ್ಷಿಸುತ್ತದೆ. ಪವರ್-ಆನ್ ಸೆಲ್ಫ್ ಟೆಸ್ಟ್ ಎಂಬುದು ಇದರ ಹೆಸರು. ಹಲವು ಬೋರ್ಡುಗಳಲ್ಲಿ ಪ್ರತಿ ಹಂತಕ್ಕೂ ಒಂದು ಪುಟ್ಟ ದೀಪವಿದ್ದು, ತೊಡಕು ಎಲ್ಲಿದೆಯೋ ಅಲ್ಲಿ ಅದು ಆರದೆ ನಿಲ್ಲುತ್ತದೆ. ಎಲ್ಲವೂ ಸರಿಯಿದ್ದರೆ ಪರದೆಯ ಮೇಲೆ ಮೊದಲ ಅಕ್ಷರ ಮೂಡುತ್ತದೆ.

ಆ ಅಕ್ಷರ ಪ್ರೊಸೆಸರಿನ ಗುಣವಲ್ಲ, ಪರದೆಯ ಗುಣವೂ ಅಲ್ಲ. ಯಾವ ಬಿಡಿಯಲ್ಲೂ ಇಲ್ಲದ ಗುಣವೊಂದು ಅಲ್ಲಿ ತೋರಿದೆ, ಅದಕ್ಕೆ ಆಶ್ರಯವಾದ ಇಡಿ ಒಂದಿರಬೇಕು. ಈ ಕ್ಷಣದ ಮಟ್ಟಿಗೆ ನ್ಯಾಯದವರ ಕೈ ಮೇಲು ಎನ್ನಬೇಕಾಗುತ್ತದೆ. ನಾಗಸೇನನ ಅಳತೆಗೋಲಿಗೆ ಸಿಗದ ಒಂದು ಸಂಗತಿ ಇಲ್ಲಿದೆ: ಹೆಸರು ಇಡುವ ಮನುಷ್ಯ ಕೋಣೆಯಲ್ಲಿ ಇಲ್ಲದಿದ್ದರೂ ಈ ಭಾಗಗಳು ಒಂದನ್ನೊಂದು ವಿಚಾರಿಸಿಕೊಂಡು ಒಂದಾಗಿ ನಡೆಯುತ್ತವೆ.

ಬೇರೆ ಬೇರೆ ದೇಶಗಳಲ್ಲಿ, ಪರಸ್ಪರ ಪೈಪೋಟಿಯ ಕಂಪನಿಗಳು ಮಾಡಿದ ಭಾಗಗಳು ಹೀಗೆ ಕೂಡಿಕೊಳ್ಳಲು ಕಾರಣ ಮೊದಲೇ ಆಗಿರುವ ಒಪ್ಪಂದಗಳು. 1981ರ ಆಗಸ್ಟಿನಲ್ಲಿ ಐಬಿಎಂ ತನ್ನ ಪರ್ಸನಲ್ ಕಂಪ್ಯೂಟರನ್ನು ಬಹುಪಾಲು ಮಾರುಕಟ್ಟೆಯಲ್ಲಿ ಸಿಗುವ ಭಾಗಗಳಿಂದಲೇ ಕಟ್ಟಿ, ಅದರ ರಚನೆಯನ್ನು ಇತರರಿಗೆ ತೆರೆದಿಟ್ಟಿತು. 1995ರಲ್ಲಿ ಇಂಟೆಲ್ ರೂಪಿಸಿದ ಎಟಿಎಕ್ಸ್ ಮಾನದಂಡ ಬೋರ್ಡಿನ ಅಳತೆ, ತೂತುಗಳ ಜಾಗ, ವಿದ್ಯುತ್ ಕೇಬಲ್ಲಿನ ಆಕಾರವನ್ನು ಗೊತ್ತುಮಾಡಿತು. ಮಡಕಶಿರಾದ ಮನೆಯೊಂದರಲ್ಲಿ ತಿರುಗಿಸುವ ಸ್ಕ್ರೂ ಸರಿಯಾದ ತೂತಿಗೇ ಕೂರುವುದು ಆ ಒಪ್ಪಂದದಿಂದ. ಗಡಿನಾಡಿಗೆ ಹಿತವಾದ ಇನ್ನೊಂದು ಒಪ್ಪಂದವೂ ಉಂಟು: ಇನ್‌ಸ್ಕ್ರಿಪ್ಟ್ ಕೀಲಿಮಣೆಯಲ್ಲಿ ಕನ್ನಡದ ‘ಕ’ ಮತ್ತು ತೆಲುಗಿನ ‘ಕ’ ಒಂದೇ ಕೀಲಿಯ ಮೇಲಿವೆ. ಒಂದು ಲಿಪಿಗೆ ಬೆರಳು ಪಳಗಿದರೆ ಎರಡನೆಯದು ತಾನಾಗಿ ಬರುತ್ತದೆ.

ಹಾಗಾದರೆ ಈ ಇಡಿಯನ್ನು ಮಾಡಿದವರು ಯಾರು? ಮೊದಲ ಕಂಪ್ಯೂಟರು ಜೋಡಿಸಿದವರು ‘ನಾನೇ ಮಾಡಿದೆ’ ಎನ್ನುವುದು ಸಹಜ, ಆ ಸಂತೋಷ ನ್ಯಾಯವಾದದ್ದೇ. ಕುಂದಕುಂದರ ‘ಸಮಯಸಾರ’ ಈ ಮಾತನ್ನು ಎರಡು ನೆಲೆಗಳಲ್ಲಿ ಪರಿಶೀಲಿಸುತ್ತದೆ. ವ್ಯವಹಾರನಯದಲ್ಲಿ, ಅಂದರೆ ಲೋಕರೂಢಿಯ ನೋಟದಲ್ಲಿ, ಕುಂಬಾರ ಮಡಕೆಯನ್ನು ಮಾಡಿದ ಎನ್ನಬಹುದು. ನಿಶ್ಚಯನಯದಲ್ಲಿ, ಅಂದರೆ ಪರಮಾರ್ಥದ ನೋಟದಲ್ಲಿ, ಮಡಕೆಯಾದದ್ದು ಮಣ್ಣು. ಜೀವವು ತನ್ನ ಭಾವಗಳಿಗೆ ಮಾತ್ರ ಕರ್ತೃ, ಪರವಸ್ತುವಿಗೆ ನಿಮಿತ್ತ. ಕಂಪ್ಯೂಟರು ಜೋಡಿಸುವವರಿಗೆ ಇದು ಕುಂಬಾರನಿಗಿಂತಲೂ ಹೆಚ್ಚು ಹೊಂದುತ್ತದೆ, ಏಕೆಂದರೆ ಅವರು ಮಣ್ಣನ್ನೂ ಕಲಸಿದವರಲ್ಲ. ಭಗವದ್ಗೀತೆಯ ಹದಿನೆಂಟನೆಯ ಅಧ್ಯಾಯ ಯಾವುದೇ ಕರ್ಮಕ್ಕೆ ಐದು ಕಾರಣಗಳನ್ನು ಹೇಳುತ್ತದೆ: ಅಧಿಷ್ಠಾನ, ಕರ್ತೃ, ಕರಣಗಳು, ಬಗೆಬಗೆಯ ಚೇಷ್ಟೆಗಳು, ಐದನೆಯದು ದೈವ. ಒಣಗಿದ ಮೇಜು, ಜೋಡಿಸುವ ವ್ಯಕ್ತಿ, ಸ್ಕ್ರೂಡ್ರೈವರು, ಕೈಚಳಕ ಎಲ್ಲ ಸರಿಯಿದ್ದೂ ಪೆಟ್ಟಿಗೆಯಿಂದ ತೆಗೆದ ರ‍್ಯಾಮೇ ಸತ್ತಿರಬಹುದು. ಹಾಗೆ ಕೆಟ್ಟು ಬಂದ ಭಾಗದ ಮುಂದೆ ಕುಳಿತು ತಮ್ಮ ದಡ್ಡತನವನ್ನೇ ಹಳಿದುಕೊಳ್ಳುವ ಹುಡುಗ ಹುಡುಗಿಯರಿಗೆ ಗೀತೆಯ ಐದನೆಯ ಕಾರಣ ಒಂದು ಸಮಾಧಾನ. ಕರ್ತೃ ಐವರಲ್ಲಿ ಒಬ್ಬ, ಒಬ್ಬನೇ ಅಲ್ಲ.

ಕಠಿಣ ಪ್ರಶ್ನೆ ಬರುವುದು ಕೆಲವು ವರ್ಷಗಳ ನಂತರ. ರ‍್ಯಾಮು ಹೆಚ್ಚಿಸಿದ್ದಾಗಿದೆ, ಎಸ್‌ಎಸ್‌ಡಿ ದೊಡ್ಡದಾಗಿದೆ, ಆಮೇಲೆ ಬೋರ್ಡು, ಪ್ರೊಸೆಸರು ಎರಡೂ ಬದಲಾಗಿವೆ. ಇದು ಹಳೆಯ ಕಂಪ್ಯೂಟರೇ? ನ್ಯಾಯ-ವೈಶೇಷಿಕರು ಇಲ್ಲಿ ತಮ್ಮ ತರ್ಕಕ್ಕೆ ತಾವೇ ಸಿಕ್ಕಿಕೊಳ್ಳುತ್ತಾರೆ. ಒಂದು ನೂಲು ಕಿತ್ತರೂ ಸಂಯೋಗ ಕೆಟ್ಟು ಹಳೆಯ ಬಟ್ಟೆ ನಾಶವಾಯಿತು, ಉಳಿದ ನೂಲಿನಿಂದ ಖಂಡಪಟವೆಂಬ ಹೊಸ ಬಟ್ಟೆ ಹುಟ್ಟಿತು ಎಂದು ಅವರು ಹೇಳಲೇಬೇಕಾಗುತ್ತದೆ. ಆ ಲೆಕ್ಕದಲ್ಲಿ ರ‍್ಯಾಮು ಬಿಚ್ಚಿ ಒರೆಸಿ ಹಾಕಿದರೂ ಹೊಸ ಕಂಪ್ಯೂಟರೇ. ಇದನ್ನು ಒಪ್ಪುವುದು ಕಷ್ಟ. ಮೈಕ್ರೋಸಾಫ್ಟ್ ಕಂಪನಿ ಇದೇ ಪ್ರಶ್ನೆಗೆ ತನ್ನದೇ ತೀರ್ಪು ಕೊಟ್ಟಿದೆ: ಕಂಪ್ಯೂಟರಿನೊಡನೆ ಬರುವ ಓಇಎಂ ಬಗೆಯ ವಿಂಡೋಸ್ ಪರವಾನಗಿಯ ಮಟ್ಟಿಗೆ, ಕೆಟ್ಟಿತೆಂದಲ್ಲದೆ ಹೆಚ್ಚಿನ ಶಕ್ತಿಗಾಗಿ ಮದರ್‌ಬೋರ್ಡು ಬದಲಿಸಿದರೆ ಅದು ಹೊಸ ಕಂಪ್ಯೂಟರು, ಪರವಾನಗಿಯನ್ನೂ ಹೊಸದಾಗಿ ಕೊಳ್ಳಬೇಕು. ಆತ್ಮ ಮದರ್‌ಬೋರ್ಡಿನಲ್ಲಿದೆ ಎಂಬುದು ವ್ಯಾಪಾರದ ಸಿದ್ಧಾಂತ. ಇಂಥದೇ ಪ್ರಶ್ನೆ ಎದ್ದ ಬೇತಾಳನ ಕಥೆಯಲ್ಲಿ ಇಬ್ಬರ ತಲೆ ಅದಲುಬದಲಾದಾಗ ತಲೆ ಯಾರದೋ ಅವನೇ ಗಂಡ ಎಂದು ವಿಕ್ರಮ ತೀರ್ಪು ಕೊಟ್ಟ. 1971ರಲ್ಲಿ ಗಿರೀಶ ಕಾರ್ನಾಡರು ಅದೇ ಕಥೆಯಿಂದ ‘ಹಯವದನ’ ಕಟ್ಟಿ, ತಲೆಯ ಆಳ್ವಿಕೆಗೆ ದೇಹ ನಿಧಾನವಾಗಿ ಮಣಿದರೂ ಮನಸ್ಸಿನ ಅಪೂರ್ಣತೆ ತೀರದು ಎಂದು ತೋರಿಸಿದರು. ಆ ನಾಟಕ ಶುರುವಾಗುವುದೂ ಗಣಪತಿಯ ಸ್ತುತಿಯಿಂದ. ರಾಯದುರ್ಗದಲ್ಲಿ ಹತ್ತು ತೋಳಿನ ಗಣಪತಿಯ ಮುಂದೆ ಕೈಮುಗಿಯುವ ಯಾರಿಗೂ, ತಲೆ ಬದಲಾದ್ದರಿಂದ ಈತ ಪಾರ್ವತಿಯ ಮಗನಲ್ಲ ಎಂದು ಅನ್ನಿಸುವುದಿಲ್ಲ.

ಹೇಮಾವತಿಯ ಕಂಬಗಳದ್ದು ಇನ್ನೂ ಕಠಿಣವಾದ ದೃಷ್ಟಾಂತ. ನೊಳಂಬರ ನಾಡನ್ನು ಗೆದ್ದ ಚೋಳರು ಅಲ್ಲಿಯ ಸೂಕ್ಷ್ಮ ಕೆತ್ತನೆಯ ಕಂಬಗಳನ್ನು ಕಾವೇರಿ ತೀರದ ತಿರುವೈಯಾರಿಗೆ ಒಯ್ದು ಅಲ್ಲಿಯ ದೇವಾಲಯಕ್ಕೆ ಜೋಡಿಸಿದರೆಂದು ಕಲಾ ಇತಿಹಾಸಕಾರರು ತೋರಿಸಿಕೊಟ್ಟಿದ್ದಾರೆ. ಇನ್ನಷ್ಟು ಶಿಲ್ಪಗಳು ಚೆನ್ನೈನ ಸರ್ಕಾರಿ ವಸ್ತುಸಂಗ್ರಹಾಲಯ ಸೇರಿದವು, 1964ರಲ್ಲಿ ಸಿ. ಶಿವರಾಮಮೂರ್ತಿಯವರು ಅವುಗಳ ಮೇಲೆಯೇ ಪುಸ್ತಕ ಬರೆದರು. ಕಂಬ ಹೋದ ಮೇಲೂ ಹೇಮಾವತಿಯಲ್ಲಿ ಸಿದ್ಧೇಶ್ವರನಿಗೆ ಪೂಜೆ ನಡೆಯುತ್ತಿದೆ, ಹೋದ ಕಂಬ ತಿರುವೈಯಾರಿನಲ್ಲೂ ದೇವರ ಸೇವೆಯಲ್ಲೇ ಇದೆ. ಬಿಡಿಯೊಂದು ಒಂದು ಇಡಿಯಿಂದ ಇನ್ನೊಂದಕ್ಕೆ ಹೋಗಿಯೂ ತನ್ನ ಗುರುತು ಉಳಿಸಿಕೊಳ್ಳಬಲ್ಲದು. ನೊಳಂಬ ಕಂಬ ಇಂದಿಗೂ ನೊಳಂಬ ಕಂಬವೇ. ಈ ಊರುಗಳ ಜನರಿಗೆ ಅದು ಅನುಭವದ ಮಾತೂ ಹೌದು. 1953ರ ಅಕ್ಟೋಬರ್ 1ರವರೆಗೆ ಬಳ್ಳಾರಿ ಜಿಲ್ಲೆಯ ಭಾಗವಾಗಿದ್ದ ರಾಯದುರ್ಗ ಆಂಧ್ರ ರಾಜ್ಯದೊಡನೆ ಅನಂತಪುರ ಜಿಲ್ಲೆಗೆ ಸೇರಿತು. ಮಡಕಶಿರಾ 2022ರ ಏಪ್ರಿಲಿನಲ್ಲಿ ಅನಂತಪುರದಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು. ಮನೆಯ ಮಾತು ಬದಲಾಗಲಿಲ್ಲ.

ದೇವಾಲಯದ ಜೀರ್ಣೋದ್ಧಾರಕ್ಕೆ ಆಗಮಗಳು ಹಾಕಿಕೊಟ್ಟ ಕ್ರಮ ಈ ಪ್ರಶ್ನೆಯನ್ನು ನೇರವಾಗಿ ಎದುರಿಸುತ್ತದೆ. ಗರ್ಭಗುಡಿಯ ದುರಸ್ತಿಗೆ ಮೊದಲು ಕಲಾಕರ್ಷಣೆ ಮಾಡಿ ಮೂರ್ತಿಯ ಸಾನ್ನಿಧ್ಯವನ್ನು ಕಲಶಕ್ಕೆ ಬರಮಾಡಿಕೊಳ್ಳುತ್ತಾರೆ, ತಾತ್ಕಾಲಿಕ ಗುಡಿಯಾದ ಬಾಲಾಲಯದಲ್ಲಿ ಪೂಜೆ ಮುಂದುವರಿಸುತ್ತಾರೆ, ಕೆಲಸ ಮುಗಿದ ಮೇಲೆ ಸಾನ್ನಿಧ್ಯವನ್ನು ಮತ್ತೆ ಮೂರ್ತಿಗೆ ತರುತ್ತಾರೆ. ಕಲ್ಲು ಬದಲಾಗಬಹುದು, ಪೂಜೆ ಕಡಿಯಬಾರದು ಎಂಬುದೇ ಇದರ ತಾತ್ಪರ್ಯ. ಜೈನರ ತತ್ತ್ವಾರ್ಥಸೂತ್ರ ಇದನ್ನೇ ತತ್ತ್ವವಾಗಿ ಹೇಳುತ್ತದೆ: ಇರುವುದೆಲ್ಲ ಉತ್ಪಾದ, ವ್ಯಯ, ಧ್ರೌವ್ಯಗಳಿಂದ ಕೂಡಿದ್ದು. ಒಂದು ಪರ್ಯಾಯ, ಅಂದರೆ ಅವಸ್ಥೆ, ಅಳಿಯುತ್ತದೆ, ಇನ್ನೊಂದು ಹುಟ್ಟುತ್ತದೆ, ಏನೋ ಒಂದು ನಿಲ್ಲುತ್ತದೆ. ಕಂಪ್ಯೂಟರಿನಲ್ಲಿ ನಿಲ್ಲುವುದು ಯಾವುದು? ಬೋರ್ಡಲ್ಲ, ಪ್ರೊಸೆಸರಲ್ಲ. ಮನೆಯವರ ಫೋಟೊ, ಬರೆದ ಪಾಠ, ಲೆಕ್ಕದ ಕಡತ, ಇವು ಹಳೆಯ ಡಿಸ್ಕಿನಿಂದ ಹೊಸದಕ್ಕೆ ಸಾಗುತ್ತವೆ. ಅವನ್ನು ಸಾಗಿಸುವ ಕೆಲಸ ಕಡಿಯದಿದ್ದರೆ ಆ ಮನೆಯ ಕಂಪ್ಯೂಟರು ಅದೇ ಕಂಪ್ಯೂಟರು. ಬೌದ್ಧ, ನೈಯಾಯಿಕ, ಜೈನ ಮೂವರಲ್ಲಿ ವರ್ಷಗಟ್ಟಲೆ ಬಳಕೆಯ ಪರೀಕ್ಷೆಗೆ ನಿಲ್ಲುವುದು ಜೈನರ ವಿವರಣೆಯೇ.

ಸಾಗಿಸುವ ಹೊಣೆ ಯಾರದು ಎಂಬಲ್ಲಿ ಮತ್ತೆ ಬಿಲ್ಲಿನ ಮಾತು ಬರುತ್ತದೆ. ಕಂಪನಿಯಿಂದ ಸಿದ್ಧವಾಗಿ ಬರುವ ಡೆಸ್ಕ್‌ಟಾಪಿಗೆ ಒಂದೇ ಕ್ರಮಸಂಖ್ಯೆ, ಒಂದೇ ವಾರಂಟಿ. ಜೋಡಿಸಿದ ಯಂತ್ರದಲ್ಲಿ ಪ್ರತಿ ಭಾಗಕ್ಕೂ ಬೇರೆ ಕ್ರಮಸಂಖ್ಯೆ, ಬೇರೆ ಅವಧಿ: ಪೆಟ್ಟಿಗೆಯೊಡನೆ ಬರುವ ಪ್ರೊಸೆಸರಿಗೆ ಮೂರು ವರ್ಷ, ಎಸ್‌ಎಸ್‌ಡಿಗೆ ಸಾಮಾನ್ಯವಾಗಿ ಮೂರೋ ಐದೋ. ಭಾಗ ಕೆಟ್ಟರೆ ಅದನ್ನು ಮಾಡಿದ ಕಂಪನಿ ನೋಡಿಕೊಳ್ಳುತ್ತದೆ. ಭಾಗಗಳೆಲ್ಲ ಸರಿಯಿದ್ದು ಒಟ್ಟು ಯಂತ್ರ ಏಳದಿದ್ದರೆ ಯಾವ ಕಂಪನಿಯೂ ಉತ್ತರಿಸಬೇಕಿಲ್ಲ. ಇಡಿಗೆ ವಾರಂಟಿ ಕೊಡುವವರು ಜೋಡಿಸಿದವರೇ. ಕುಂದಕುಂದರ ನಿಶ್ಚಯನಯ ಕರ್ತೃತ್ವದ ಹಮ್ಮನ್ನು ಕಳೆಯುತ್ತದೆ, ವ್ಯವಹಾರನಯದ ಹೊಣೆಯನ್ನು ಕಳೆಯುವುದಿಲ್ಲ. ಮಾಡಿದವ ನಾನಲ್ಲ ಎಂದು ತಿಳಿದೂ ಕೆಟ್ಟಾಗ ಕ್ಯಾಬಿನೆಟ್ಟು ಬಿಚ್ಚಿ ಕೂರುವುದು ನನ್ನ ಕೆಲಸ ಎನ್ನುವವರು ಎರಡು ನಯಗಳನ್ನೂ ಅರಿತವರು.

ಮಹಾನವಮಿಯ ಆಯುಧಪೂಜೆಯಲ್ಲಿ ರಾಯದುರ್ಗದ ಹೊಲಿಗೆ ಯಂತ್ರಗಳ ಸಾಲಿಗೆ ಕಂಪ್ಯೂಟರೂ ಸೇರಿದೆ. ಕುಂಕುಮ ಯಾವುದಕ್ಕೆ? ರ‍್ಯಾಮಿಗೆ ಬೇರೆ, ಪ್ರೊಸೆಸರಿಗೆ ಬೇರೆ ಎಂದು ಯಾರೂ ಇಡುವುದಿಲ್ಲ. ಒಂದೇ ಬೊಟ್ಟು, ಹೊರಗಿನ ತಗಡಿನ ಮೇಲೆ. ಬಿಲ್ಲಿನಲ್ಲಿ ಇಲ್ಲದ ಹತ್ತನೆಯ ವಸ್ತುವಿಗೆ ಸಿಗುವ ಮಾನ್ಯತೆ ಅದು. ಕೆಲಸ ನಡೆಸಿಕೊಟ್ಟ ಕಾರಣಕ್ಕೆ, ಬಿಡಿಗಳೆಲ್ಲ ಕೂಡಿ ಆದ ಇಡಿಗೆ ಪೂಜೆ. ಕುಂಕುಮ, ವಿಭೂತಿಯ ಪುಡಿ ಗಾಳಿ ಎಳೆಯುವ ಜಾಲರಿಯ ಹತ್ತಿರ ಬೀಳಬಾರದು, ಆ ಹೊತ್ತಿಗೆ ಯಂತ್ರ ಆರಿಸಿರಬೇಕು, ನೀರು ಮತ್ತು ನಿಂಬೆರಸ ದೂರವಿರಬೇಕು. ವರ್ಷಕ್ಕೊಮ್ಮೆ ಕ್ಯಾಬಿನೆಟ್ಟು ತೆರೆದು ಬ್ರಷ್ಷಿನಿಂದ ದೂಳು ತೆಗೆಯಲು ಅದಕ್ಕಿಂತ ಒಳ್ಳೆಯ ದಿನವಿಲ್ಲ.

ಹುಟ್ಟಿದ ಇಡಿಗೆ ಕೊನೆಯೂ ಉಂಟು. ದುರಸ್ತಿಗೆ ನಿಲುಕದ ಕಂಪ್ಯೂಟರು ಮತ್ತೆ ಬಿಡಿಯಾಗುತ್ತದೆ: ಒಳ್ಳೆಯ ರ‍್ಯಾಮು ಇನ್ನೊಬ್ಬರ ಯಂತ್ರಕ್ಕೆ ಹೋಗುತ್ತದೆ, ಮಾನಿಟರು ಶಾಲೆಗೆ ಹೋಗಬಹುದು, ಉಳಿದದ್ದು ಕಸ. ಆ ಕಸದಲ್ಲಿ ತಾಮ್ರವಿದೆ, ಸಂಪರ್ಕದ ತುದಿಗಳಲ್ಲಿ ತೆಳುವಾದ ಚಿನ್ನದ ಲೇಪವಿದೆ, ಹಳೆಯ ಬೋರ್ಡುಗಳ ಬೆಸುಗೆಯಲ್ಲಿ ಸೀಸವಿದೆ, ಬೋರ್ಡಿನ ಮೇಲೆ ಗುಂಡಿಯಷ್ಟು ಲಿಥಿಯಂ ಬ್ಯಾಟರಿಯಿದೆ. ತಾಮ್ರಕ್ಕಾಗಿ ತಂತಿ ಸುಡುವುದು, ಚಿನ್ನಕ್ಕಾಗಿ ಬೋರ್ಡನ್ನು ಆಮ್ಲದಲ್ಲಿ ಅದ್ದುವುದು ಕೈಗೂ ಶ್ವಾಸಕೋಶಕ್ಕೂ ಕೆರೆಗೂ ವಿಷ. 2022ರ ಇ-ತ್ಯಾಜ್ಯ ನಿರ್ವಹಣಾ ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದ್ದು, ಇಂಥ ತ್ಯಾಜ್ಯವನ್ನು ನೋಂದಾಯಿತ ಮರುಬಳಕೆ ಘಟಕಗಳೇ ಸಂಸ್ಕರಿಸಬೇಕೆಂದು ಹೇಳುತ್ತವೆ. ಬಿಡಿಗಳನ್ನು ಕೂಡಿಸಿದ ಕೈಗಳೇ ಅವನ್ನು ಸರಿಯಾದ ಜಾಗಕ್ಕೂ ಮುಟ್ಟಿಸಲಿ: ಡಿಸ್ಕಿನಲ್ಲಿರುವುದನ್ನು ಅಳಿಸಿ, ಬ್ಯಾಟರಿ ಬೇರೆ ಮಾಡಿ, ಬೋರ್ಡುಗಳನ್ನು ಗುಜರಿಯ ರಾಶಿಗಾಗಲಿ ಊರ ಹೊರಗಿನ ತಿಪ್ಪೆಗಾಗಲಿ ಹಾಕದೆ ನೋಂದಾಯಿತ ಮರುಬಳಕೆ ಘಟಕಗಳಿಗೇ ಒಪ್ಪಿಸಬೇಕು.